ಮಲ್ಪೆಯ ನಡುಗಡ್ಡೆಯಲ್ಲಿ ಒಂದು ದಿನ

ಮೂವತ್ತು ವರ್ಷಗಳಿಗೂ ಮಿಕ್ಕಿ ನಾವು ಬಾಲಕರಿಗೆ ಹೇಳಿಕೊಟ್ಟ ಶಬ್ದಗಳಲ್ಲಿ 'ದ್ವೀಪ'ವೆಂಬದೂ ಒಂದು. ಎರಡು ಕಡೆಗೂ ನೀರುಳ್ಳದ್ದು ದ್ವೀಪ. 'ದ್ವಿ' ಎಂಬದರ ಮುಂದೆ ನೀರೆಂಬ ಅರ್ಥದ 'ಅಪ್' ಶಬ್ದವು ಬಂದು, ಅದರ ಅಕಾರವು ಈಕಾರವಾಗಿ ಈ ರೂಪವು ಸಿದ್ಧಿಸುತ್ತದೆ. ನಾವು ನಿತ್ಯವೂ ಬಳಸುವ 'ಸಮೀಪ'ವೆಂಬ ಶಬ್ದವೂ ಇದೇ ಮನೆತನದ್ದು. ಸಂಕಲ್ಪ ಮಾಡುವಾಗ ಜಂಬೂದ್ವೀಪದಲ್ಲಿ ಇರುವವರೆಂದು ನಮ್ಮನ್ನು ನಾವೇ ಹೇಳಿಕೊಳ್ಳುತ್ತೇವೆ. ಇಷ್ಟೆಲ್ಲ ಬಲ್ಲವರಾದರೂ ನಾವು ದ್ವೀಪವೆಂಬ ವಸ್ತುವನ್ನು ಅರುವತ್ತು ವರ್ಷಗಳಾಗುವ ವರೆಗೆ ಕಣ್ಣಾರೆ ಕಂಡವರಲ್ಲ. ದ್ವೀಪವಂತಿರಲಿ, ಸಮುದ್ರವನ್ನೇ ಕಂಡವರಲ್ಲ.

ನಮ್ಮೂರು ಐಗಳಿಯು ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಬಯಲುಸೀಮೆಯಲ್ಲಿದೆ. ಜೋಳದ ಹೊಲ, ದ್ರಾಕ್ಷಿಯ ಪಡಗ, ಬೇಸಿಗೆಯಲ್ಲಿ ಬತ್ತುವ ಬಾವಿ, ಇವು ನಮ್ಮ ಕಣ್ಣಿಗೆ ರೂಢಿಯಾದ ನೋಟಗಳು. ತಾಲೂಕಿನ ದಕ್ಷಿಣದಲ್ಲಿ ಕೃಷ್ಣೆಯು ಹರಿಯುತ್ತಾಳೆ. ೨೦೧೯ನೆಯ ಇಸ್ವಿಯ ಆಗಸ್ಟ ತಿಂಗಳಲ್ಲಿ ಆಕೆ ಉಕ್ಕಿ ಬಂದಾಗ ದಂಡೆಯ ಹಳ್ಳಿಗಳು ನಡುಗಡ್ಡೆಗಳಾದವು. ಜನರು ದನಕರುಗಳನ್ನು ಕಟ್ಟಿಕೊಂಡು ಎತ್ತರದ ಸ್ಥಳಗಳಿಗೆ ಓಡಿದರು. ಆದ್ದರಿಂದ ನಡುಗಡ್ಡೆಯೆಂಬ ಮಾತು ನಮ್ಮ ಕಡೆಯವರಿಗೆ ವಿಹಾರವನ್ನಲ್ಲ, ವಿಪತ್ತನ್ನು ನೆನಪಿಸುವಂಥದು. ಭೂಮಧ್ಯ ಸಮುದ್ರದ ದ್ವೀಪಗಳಲ್ಲಿ ಪ್ರವಾಸಿಗಳು ಮುಂಜಾನೆ ದೋಣಿಯಿಂದಿಳಿದು, ಬಾಡಿಗೆಯ ಮೋಟಾರಿನಲ್ಲಿ ಸುತ್ತಾಡಿ, ಸಂಜೆಗೆ ಮರಳುವರೆಂದು ಮಾಸಪತ್ರಿಕೆಗಳಲ್ಲಿ ಓದಿದಾಗ, ಅದು ದೂರದೇಶದ ಸಿರಿವಂತರ ಭಾಗ್ಯವೆಂದು ನಾವು ಪುಟವನ್ನು ತಿರುವುತ್ತಿದ್ದೆವು. ಅಂಥ ಒಂದು ದಿನವು ನಮ್ಮ ಕನ್ನಡ ನಾಡಿನಲ್ಲಿಯೇ ನಮಗೆ ದೊರೆಯುವದೆಂದು ಎಣಿಸಿರಲಿಲ್ಲ.

ಪ್ರವಾಸದ ಮಾತಿಗಿಂತ ಮೊದಲು ಒಂದು ಹಳೆಯ ಸಂಗತಿಯನ್ನು ಹೇಳಬೇಕಾಗಿದೆ. ೧೯೯೨ನೆಯ ಇಸ್ವಿಯಲ್ಲಿ ನಾವು ಸಂಸ್ಕೃತವನ್ನು ಕಲಿಸುತ್ತಿದ್ದ ಶಾಲೆಯಲ್ಲಿ ಭೂಗೋಳದ ಶಿಕ್ಷಕರಿಲ್ಲದೆ, ಆ ವಿಷಯವೂ ಒಂದು ವರ್ಷ ನಮ್ಮ ಕೊರಳಿಗೆ ಬಿದ್ದಿತು. ಎಂಟನೆಯ ವರ್ಗದಲ್ಲಿ ಒಂದು ದಿನ ದ್ವೀಪದ ಲಕ್ಷಣವನ್ನು ಹೇಳಿ, ಹಲಗೆಯ ಮೇಲೆ ಚಿತ್ರ ಬರೆದು, ಬಾಲಕರಿಂದ ಮೂರು ಸಲ ಹೇಳಿಸಿದೆವು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗನು ಎದ್ದು ನಿಂತು, "ಗುರುಗಳ, ನಡುಗಡ್ಡಿ ನೀರಾಗ ತೇಲತೈತೇನ್ರಿ?" ಎಂದು ಕೇಳಿದನು. ನಾವು ಸುಣ್ಣದ ಕಡ್ಡಿಯನ್ನು ಕೆಳಗಿಟ್ಟು, "ನಡುಗಡ್ಡೆಯು ತೇಲುವದಿಲ್ಲ, ನಿನ್ನ ತಲೆಯೊಳಗಿನ ಮಿದುಳು ತೇಲುತ್ತಿದೆ" ಎಂದೆವು. ವರ್ಗವೆಲ್ಲ ಘೊಳ್ಳೆಂದು ನಕ್ಕಿತು. ನಾವೂ ನಕ್ಕೆವು. ಹುಡುಗನು ಕುಳಿತನು. ಮರುದಿನದಿಂದ ಅವನಿಗೆ 'ತೇಲುಗಡ್ಡಿ'ಯೆಂದು ಹೆಸರಾಯಿತು. ಅವನು ಮುಂದೆ ಎರಡು ವರ್ಷ ನಮ್ಮ ಶಾಲೆಯಲ್ಲಿದ್ದನು, ಪರೀಕ್ಷೆಗಳಲ್ಲಿ ಪಾಸಾದನು. ಆದರೆ ನಮ್ಮ ಮುಂದೆ ಮತ್ತೆ ಎಂದೂ ಕೈಯೆತ್ತಲಿಲ್ಲ. ಇದನ್ನು ನಾವು ಆಗ ಗಮನಿಸಲೂ ಇಲ್ಲ.

ಆ ಹುಡುಗನು ಇಂದು ಊರಲ್ಲಿ ನಾಲ್ಕೆಕರೆ ದ್ರಾಕ್ಷಿಯ ತೋಟವುಳ್ಳ ಗೃಹಸ್ಥನು. ಕಳೆದ ಮಾಘಮಾಸದಲ್ಲಿ ನಾವು ದಂಪತಿಗಳು ಉಡುಪಿಗೆ ಹೊರಟು, ವಿಜಯಪುರದ ಹಾದಿಯಲ್ಲಿರುವ ಐಗಳಿ ಕ್ರಾಸಿನಲ್ಲಿ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆವು. ಅವನು ತನ್ನ ಮೋಟಾರು ಸೈಕಲ್ಲನ್ನು ನಿಲ್ಲಿಸಿ, ಒಣದ್ರಾಕ್ಷಿಯ ಒಂದು ಪೊಟ್ಟಣವನ್ನು ನಮ್ಮ ಗೃಹಿಣಿಯ ಕೈಯಲ್ಲಿಟ್ಟನು. ಉಡುಪಿಯಿಂದ ಮಲ್ಪೆಗೆ ಹೋಗಿ ಸಮುದ್ರದೊಳಗಿನ ನಡುಗಡ್ಡೆಯನ್ನೂ ನೋಡುವೆವೆಂದು ಆಕೆ ಹೇಳಲು, ಅವನು ನಗುತ್ತ, "ಹಂಗಾರ ತೇಲತೈತೋ ಇಲ್ಲೋ ನೋಡ್ಕೊಂಡ ಬರ್ರಿ ಗುರುಗಳ" ಎಂದನು. ಅವನ ನಗೆಯಲ್ಲಿ ಕಹಿಯಿರಲಿಲ್ಲ. ಆದರೂ ಬಸ್ಸು ಅಥಣಿಯನ್ನು ಮುಟ್ಟುವ ವರೆಗೆ ನಮಗೆ ಮಾತು ಹೊರಡಲಿಲ್ಲ. ಮೂವತ್ತು ವರ್ಷ ಅವನು ಅದನ್ನು ಮರೆತಿರಲಿಲ್ಲವೆಂಬದು ಆಗ ತಿಳಿಯಿತು.

ಬೆಳಗಾವಿಯಿಂದ ರಾತ್ರಿಯ ಬಸ್ಸು ಹಿಡಿದು ಬೆಳಗಿಗೆ ಉಡುಪಿಯನ್ನು ತಲುಪಿದೆವು. ಸ್ನಾನಾದಿಗಳನ್ನು ಮುಗಿಸಿ, ಒಂಬತ್ತು ರಂಧ್ರಗಳ ಬೆಳ್ಳಿಯ ಕಿಂಡಿಯೊಳಗಿಂದ ಶ್ರೀಕೃಷ್ಣನ ದರ್ಶನವನ್ನು ಪಡೆದು, ಕನಕನ ಕಿಂಡಿಯ ಮುಂದೆ ಕೈಮುಗಿದು, ಇಡಿಯ ದಿನಕ್ಕೆಂದು ಒಂದು ಬಾಡಿಗೆಯ ಮೋಟಾರನ್ನು ಗೊತ್ತುಮಾಡಿದೆವು. ಸಾರಥಿಯು ತುಳುವ ತರುಣನು. ಅವನ ಕನ್ನಡವು ಅಚ್ಚಿನಲ್ಲಿ ಹಾಕಿದಂತೆ ಶುದ್ಧವಾಗಿತ್ತು. ನಮ್ಮ ಕನ್ನಡವನ್ನು ಕೇಳಿ ಅವನೂ ಅವನ ಕನ್ನಡವನ್ನು ಕೇಳಿ ನಮ್ಮ ಗೃಹಿಣಿಯೂ ಮುಸಿಮುಸಿ ನಗಹತ್ತಿದರು. "ಹೋಗುವ ಮಾರಾಯ್ರೇ" ಎಂದು ಅವನು ಬಂಡಿಯನ್ನು ಪಶ್ಚಿಮಕ್ಕೆ ತಿರುಗಿಸಿದನು.

ಉಡುಪಿಯಿಂದ ಮಲ್ಪೆಯು ಕೆಲವೇ ಮೈಲು. ಹಾದಿಯ ಎರಡೂ ಬದಿಗೆ ತೆಂಗು, ಹಲಸು, ಹೆಂಚಿನ ಮನೆಗಳು, ಅಂಗಳದಲ್ಲಿ ತುಲಸೀಕಟ್ಟೆಗಳು. ಒಂದು ಗಿಡದ ನೆರಳಿಗಾಗಿ ಹರದಾರಿ ನಡೆಯುವ ಸೀಮೆಯಿಂದ ಬಂದ ನಮಗೆ ಆ ಹಸುರು ಕಣ್ಣಿನಲ್ಲಿ ಹಿಡಿಯಲಾರದಷ್ಟಾಯಿತು. ಸಮುದ್ರದಂಡೆಯಲ್ಲಿ ವಡಭಾಂಡೇಶ್ವರವೆಂಬ ಬಲರಾಮನ ಗುಡಿಯಿದೆ. ಹದಿಮೂರನೆಯ ಶತಮಾನದಲ್ಲಿ ಶ್ರೀಮಧ್ವಾಚಾರ್ಯರು ಈ ದಂಡೆಯಲ್ಲಿದ್ದಾಗ ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಅಪಾಯಕ್ಕೆ ಸಿಕ್ಕಿತೆಂದೂ, ಆಚಾರ್ಯರು ತಮ್ಮ ವಸ್ತ್ರವನ್ನು ಬೀಸಿ ಅದನ್ನು ದಡಕ್ಕೆ ತಂದರೆಂದೂ, ಹಡಗಿನವನು ಕೊಟ್ಟ ಗೋಪೀಚಂದನದ ಗಡ್ಡೆಯೊಳಗೆ ಉಡುಪಿಯ ಕೃಷ್ಣನ ಮೂರ್ತಿಯು ದೊರೆಯಿತೆಂದೂ ಪರಂಪರೆಯ ಕಥೆಯಿದೆ. ಬಲರಾಮನಿಗೆ ನಮಸ್ಕರಿಸಿ ನಾಲ್ಕು ಹೆಜ್ಜೆ ಮುಂದೆ ಬಂದೆವು. ಅಲ್ಲಿ ಸಮುದ್ರವಿತ್ತು.

ಅದನ್ನು ವರ್ಣಿಸುವ ಸಾಹಸಕ್ಕೆ ನಾವು ಹೋಗುವದಿಲ್ಲ. ಕಾವ್ಯಗಳಲ್ಲಿ ನಾವು ಅರ್ಥ ಹೇಳಿದ ಸಮುದ್ರವರ್ಣನೆಗಳು ಒಂದೂ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ನಮ್ಮ ಗೃಹಿಣಿಯು ಬಹಳ ಹೊತ್ತು ಸುಮ್ಮನೆ ನಿಂತು, ಆಮೇಲೆ, "ಇಷ್ಟು ನೀರಿದ್ದೂ ಒಂದು ಕೊಡ ಕುಡಿಯಲಿಕ್ಕೆ ಬಾರದಲ್ಲ!" ಎಂದಳು. ನಲವತ್ತು ವರ್ಷ ಬಾವಿಯಿಂದ ನೀರು ಸೇದಿದವಳ ಮಾತದು.

ಮಲ್ಪೆಯು ಕರ್ನಾಟಕದ ದೊಡ್ಡ ಮೀನುಗಾರಿಕೆಯ ಬಂದರಗಳಲ್ಲೊಂದು. ಬಣ್ಣಬಣ್ಣದ ನೂರಾರು ದೋಣಿಗಳು ಒತ್ತಾಗಿ ನಿಂತಿದ್ದವು. ಮೀನಿನ ವಾಸನೆಗೆ ನಾವು ಮೊದಲು ಸೆರಗು, ಉತ್ತರೀಯಗಳನ್ನು ಮೂಗಿಗೆ ಹಿಡಿದೆವು. ಆದರೆ ಬುಟ್ಟಿ ಹೊತ್ತ ಹೆಂಗಸರೂ ಬಲೆ ಹೆಣೆಯುವ ಮುದುಕರೂ ತಮ್ಮ ಕೆಲಸದಲ್ಲಿ ಮಗ್ನರಾಗಿದ್ದುದನ್ನು ಕಂಡು, ನಮ್ಮ ಊರಲ್ಲಿ ಸುಗ್ಗಿಯ ಕಣವು ಹೇಗೋ ಇವರಿಗೆ ಈ ಕಟ್ಟೆಯು ಹಾಗೆಂದು ತಿಳಿದು, ನಾಚಿ ಸೆರಗನ್ನು ಕೆಳಗಿಳಿಸಿದೆವು.

ನಡುಗಡ್ಡೆಗೆ ಪ್ರವಾಸಿಗಳನ್ನು ಒಯ್ಯುವ ಯಂತ್ರದ ದೋಣಿಯಲ್ಲಿ ನಮಗೆ ಕಿತ್ತಳೆಬಣ್ಣದ ತೇಲುವ ಅಂಗಿಗಳನ್ನು ತೊಡಿಸಿದರು. ಪಂಚೆಯ ಮೇಲೆ ಆ ಅಂಗಿಯನ್ನು ತೊಟ್ಟ ನಮ್ಮನ್ನು ನೋಡಿ ನಮ್ಮ ಗೃಹಿಣಿಗೆ ಭಯವೆಲ್ಲ ಹೋಗಿ ನಗೆ ಬಂದಿತು. ಬಂದರದ ಬಾಯಿಯನ್ನು ದಾಟಿದೊಡನೆ ದೋಣಿಯು ಏಳುತ್ತ ಬೀಳುತ್ತ ಸಾಗಹತ್ತಿತು. ದಂಡೆಯ ಸಮೀಪದಲ್ಲಿ ದರಿಯಾ ಬಹಾದ್ದೂರಗಡವೆಂಬ ಇನ್ನೊಂದು ನಡುಗಡ್ಡೆಯಿದೆ. ಬಿದನೂರಿನ ಬಸವಪ್ಪ ನಾಯಕನು ಅಲ್ಲಿ ಕೋಟೆಯನ್ನು ಕಟ್ಟಿಸಿದನೆನ್ನುತ್ತಾರೆ. ನಮ್ಮ ದೋಣಿಯು ಇನ್ನೂ ದೂರಕ್ಕೆ, ತೆಂಗಿನ ದ್ವೀಪಕ್ಕೆ ಹೊರಟಿತ್ತು. ಸೇಂಟ್ ಮೇರಿಯ ದ್ವೀಪಗಳೆಂಬ ಗುಂಪಿನಲ್ಲಿ ಇದು ದೊಡ್ಡದು. ೧೪೯೮ನೆಯ ಇಸ್ವಿಯಲ್ಲಿ ಪೋರ್ತುಗೀಜ ನಾವಿಕನಾದ ವಾಸ್ಕೋ ಡ ಗಾಮನು ಇಲ್ಲಿಗೆ ಬಂದು ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿಯಿದೆ. ಊರವರು ತೋನ್ಸೆಪಾರ್ ಎಂದೂ ಕರೆಯುವರು.

ದೂರದಿಂದ ಕಾಣಿಸಿದ್ದು ನೀರಿನ ಮೇಲೆ ಒಂದು ಕಪ್ಪು ಗೆರೆ, ಅದರ ಮೇಲೆ ತೆಂಗಿನ ತಲೆಗಳು. ದೋಣಿಯು ತೂಗಿದಾಗಲೆಲ್ಲ ಆ ಗೆರೆಯೂ ಏಳುತ್ತ ಬೀಳುತ್ತ ತೋರುತ್ತಿತ್ತು. ನಾವು ಕಣ್ಣೊರಸಿಕೊಂಡು ಮತ್ತೆ ನೋಡಿದೆವು. ಕಣ್ಣಿನ ಸಾಕ್ಷಿಯನ್ನೇ ನಂಬುವದಾದರೆ ನಡುಗಡ್ಡೆಯು ತೇಲುತ್ತಲೇ ಇದ್ದಿತು! ನೀರನ್ನು ಕಾಣದ ಊರಿನ ಹದಿಮೂರು ವರ್ಷದ ಹುಡುಗನು ಕೇಳಿದ ಪ್ರಶ್ನೆಯು ಅಷ್ಟೇನೂ ಹುಚ್ಚಿನದಲ್ಲವೆಂದು ಮೊದಲ ಸಲ ನಮಗೆ ತೋರಿತು.

ದೋಣಿಯವನ ಕೈಹಿಡಿದು ದಂಡೆಗಿಳಿದೆವು. ನಡುಗಡ್ಡೆಯು ಚಿಕ್ಕದು: ಉದ್ದವು ಸುಮಾರು ಅರ್ಧ ಕಿಲೋಮೀಟರು, ಅಗಲವು ನೂರು ಮೀಟರು. ಮನೆಯಿಲ್ಲ, ಹೊಲವಿಲ್ಲ, ವಸತಿಯಿಲ್ಲ. ಕಾಲಡಿಯ ಬಿಳುಪು ಉಸುಕಿನ ತುಂಬ ಕಪ್ಪೆಚಿಪ್ಪುಗಳು. ನಮ್ಮ ಗೃಹಿಣಿಯು ಹಿಡಿತುಂಬ ಆರಿಸಿಕೊಂಡು, ಆಮೇಲೆ ಏನೆನಿಸಿತೋ, ಎಲ್ಲವನ್ನೂ ಅಲ್ಲಿಯೇ ಸುರಿದಳು.

ಆದರೆ ಈ ನಡುಗಡ್ಡೆಯ ಸೋಜಿಗವು ಚಿಪ್ಪುಗಳಲ್ಲಿ ಇಲ್ಲ, ಕಲ್ಲುಗಳಲ್ಲಿದೆ. ದಂಡೆಯ ಉದ್ದಕ್ಕೂ ಕಲ್ಲಿನ ಕಂಬಗಳು ಒಂದಕ್ಕೊಂದು ಅಂಟಿಕೊಂಡು ಎದ್ದು ನಿಂತಿವೆ. ಕೆಲವು ಮೊಳಕಾಲೆತ್ತರ, ಕೆಲವು ಮೂರಾಳೆತ್ತರ. ಒಂದಕ್ಕೆ ಐದು ಮುಖ, ಒಂದಕ್ಕೆ ಆರು, ಮತ್ತೊಂದಕ್ಕೆ ಏಳು. ಯಾವನೋ ಶಿಲ್ಪಿಯು ಚಾಣ ಹಿಡಿದು ಕೆತ್ತಿ, ದೇವಾಲಯವನ್ನು ಕಟ್ಟಲೆಂದು ಒಟ್ಟಿ, ಬಿಟ್ಟುಹೋದಂತಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ಇಂಥ ಕಂಬಗಲ್ಲುಗಳು ಐರ್ಲೆಂಡದ ಉತ್ತರದಂಡೆಯಲ್ಲಿಯೂ ಸ್ಕಾಟ್ಲೆಂಡದ ಸ್ಟಾಫಾ ಎಂಬ ದ್ವೀಪದಲ್ಲಿಯೂ ಇದ್ದು, ಜಗತ್ತಿನ ಜನರು ಅಲ್ಲಿಗೆ ಮುಗಿಬಿದ್ದು ಹೋಗುವರು.

ಅಂದು ಒಂದು ಕಾಲೇಜಿನ ಹತ್ತು ಹನ್ನೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಭೂವಿಜ್ಞಾನದ ಅಧ್ಯಾಪಕರೊಬ್ಬರು ಅಲ್ಲಿಗೆ ಬಂದಿದ್ದರು. ಅವರು ಕನ್ನಡದಲ್ಲಿಯೇ ವಿವರಿಸುತ್ತಿದ್ದುದರಿಂದ ನಾವೂ ಹಿಂದೆ ಹೋಗಿ ನಿಂತೆವು. ನಿವೃತ್ತನಾದ ಶಿಕ್ಷಕನಿಗೆ ಇನ್ನೊಬ್ಬರ ಪಾಠದಲ್ಲಿ ನಿಲ್ಲುವಷ್ಟು ಸುಖವು ಬೇರೊಂದಿಲ್ಲ. ಅವರು ಕಂಬಗಳನ್ನು ತೋರಿಸಿ, ಇವು ಹೀಗೇಕೆ ಆದವೆಂದು ವಿದ್ಯಾರ್ಥಿಗಳನ್ನು ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಆಗ ನಮ್ಮ ಗೃಹಿಣಿಯು, ನಾವು ಸನ್ನೆ ಮಾಡಿ ತಡೆಯುವದರೊಳಗೆ, "ಬ್ಯಾಸಿಗ್ಯಾಗ ನಮ್ಮ ಎರಿಹೊಲ ಬಿರದಂಗ ಕಾಣತೈತ್ರಿ" ಎಂದುಬಿಟ್ಟಳು.

ವಿದ್ಯಾರ್ಥಿಗಳು ತಿರುಗಿ ನೋಡಿದರು. ಒಂದಿಬ್ಬರು ನಕ್ಕರು. ನಮಗೆ ಮುಖವೆಲ್ಲ ಬಿಸಿಯಾಯಿತು. ಆದರೆ ಆ ಅಧ್ಯಾಪಕರು ನಗಲಿಲ್ಲ. "ತಾಯಿ, ಇನ್ನೊಮ್ಮೆ ಹೇಳಿರಿ. ಇವರೆಲ್ಲ ಕೇಳಲಿ" ಎಂದರು. ಆಕೆ ಸೆರಗನ್ನು ಸರಿಪಡಿಸಿಕೊಂಡು ಹೇಳಿದಳು: ಚೈತ್ರ ವೈಶಾಖದಲ್ಲಿ ಎರೆಯ ಭೂಮಿಯು ಒಣಗಿ, ಐದು ಮೂಲೆ ಆರು ಮೂಲೆಯ ಹೆಂಟೆಗಳಾಗಿ ಒಡೆಯುವದು, ಬಿರುಕುಗಳು ತೋಳು ಹೋಗುವಷ್ಟು ಆಳಕ್ಕಿಳಿಯುವವು. "ಇದೇ ಉತ್ತರ" ಎಂದು ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಿದರು. "ಮಣ್ಣು ನೀರನ್ನು ಕಳೆದುಕೊಂಡು ಕುಗ್ಗಿ ಬಿರಿಯುವದು. ಇಲ್ಲಿ ಭೂಮಿಯೊಳಗಿಂದ ಬಂದ ಕರಗಿದ ಶಿಲಾರಸವು ಬಿಸಿಯನ್ನು ಕಳೆದುಕೊಂಡು ಕುಗ್ಗಿ ಬಿರಿಯಿತು. ಅದು ಮೆಲ್ಲಮೆಲ್ಲನೆ ಆರಿದಂತೆ ಬಿರುಕುಗಳು ಒಳಕ್ಕಿಳಿದು ಕಂಬಗಳಾದವು. ಕಾರಣ ಬೇರೆ, ಕ್ರಮ ಒಂದೇ." ನಕ್ಕ ಹುಡುಗರೇ ಆಕೆಯ ಮಾತನ್ನು ವಹಿಯಲ್ಲಿ ಬರೆದುಕೊಳ್ಳಹತ್ತಿದರು.

ಆಮೇಲೆ ಅವರು ಈ ಕಲ್ಲುಗಳ ವಯಸ್ಸನ್ನು ಹೇಳಿದರು. ಶಿಲೆಯೊಳಗಿನ ಕೆಲವು ಧಾತುಗಳು ನಿಯತವಾದ ವೇಗದಲ್ಲಿ ಕ್ಷಯಿಸಿ ಬೇರೆ ಧಾತುಗಳಾಗುವವು; ಎಷ್ಟು ಕ್ಷಯಿಸಿತೆಂಬದನ್ನು ಅಳೆದು ವಯಸ್ಸನ್ನು ಎಣಿಸುವರು. ಹೀಗೆ ಎಣಿಸಲಾಗಿ, ಈ ಕಂಬಗಳು ಸುಮಾರು ೮ ಕೋಟಿ ೮೦ ಲಕ್ಷ ವರ್ಷಗಳ ಹಿಂದಿನವು. ನಮ್ಮ ಅಥಣಿ ಸೀಮೆಯ ಎರೆಮಣ್ಣಿಗೆ ತಾಯಿಯಾದ ಕರಿಗಲ್ಲೂ ಹೀಗೆಯೇ ಶಿಲಾರಸವು ಹರಿದು ಆರಿದ್ದು. ಆದರೆ ಅದರ ವಯಸ್ಸು ಸುಮಾರು ೬ ಕೋಟಿ ೬೦ ಲಕ್ಷ ವರ್ಷ. ಒಂದು ಮನ್ವಂತರಕ್ಕೆ ೩೦ ಕೋಟಿ ೬೭ ಲಕ್ಷ ೨೦ ಸಾವಿರ ವರ್ಷಗಳೆಂದು ಬಾಯಿಪಾಠ ಮಾಡಿದ ನಮಗೆ ಸಂಖ್ಯೆಯು ದೊಡ್ಡದೆನಿಸಲಿಲ್ಲ. ಆದರೆ ಅವರ ಮುಂದಿನ ಮಾತು ನಮ್ಮನ್ನು ನಿಂತಲ್ಲಿಯೇ ನಿಲ್ಲಿಸಿತು.

ಈ ಶಿಲಾರಸವು ಹೊರಬಂದ ಕಾಲದಲ್ಲಿ ಭರತಖಂಡವೂ ಆಫ್ರಿಕದ ಪೂರ್ವಕ್ಕಿರುವ ಮಡಗಾಸ್ಕರವೂ ಒಂದೇ ಭೂಭಾಗವಾಗಿದ್ದವಂತೆ. ಭೂಮಿಯು ಸೀಳಿತು; ಸೀಳಿದ ಕಡೆಯಿಂದ ಬೆಂಕಿಯ ರಸವು ಉಕ್ಕಿತು. ಆ ಸೀಳಿನ ಗುರುತುಗಳೇ ಈ ಕಂಬಗಳು. ಮಡಗಾಸ್ಕರದಲ್ಲಿಯೂ ಇದೇ ವಯಸ್ಸಿನ ಶಿಲೆಗಳಿವೆ. ಸೀಳಿದ ಮೇಲೆ ನಮ್ಮ ನೆಲವು ಹೊರಟು, ಕೋಟಿಗಟ್ಟಲೆ ವರ್ಷ ಈಶಾನ್ಯಕ್ಕೆ ಸಾಗಿ, ಏಶಿಯದ ನೆಲಕ್ಕೆ ತಾಗಿ, ಹಿಮಾಲಯವನ್ನು ಎತ್ತಿ ನಿಲ್ಲಿಸಿತು. ಇಂದು ಮಲ್ಪೆಗೂ ಮಡಗಾಸ್ಕರಕ್ಕೂ ನಡುವೆ ಸುಮಾರು ನಾಲ್ಕು ಸಾವಿರ ಕಿಲೋಮೀಟರು ಸಮುದ್ರವಿದೆ.

ನಾವು ತಡೆಯಲಾರದೆ ಕೇಳಿದೆವು: "ಅಂದರೆ ನೆಲವು ತೇಲುತ್ತದೆಯೋ?"

"ನೀರಿನ ಮೇಲಲ್ಲ" ಎಂದು ಅವರು ಹೇಳಿದರು. "ಈ ನಡುಗಡ್ಡೆಯ ಬುಡವು ಸಮುದ್ರದ ತಳದ ನೆಲಕ್ಕೆ ಕೂಡಿದೆ; ಅಲೆಗಳು ಇದನ್ನು ಒಯ್ಯಲಾರವು. ಆದರೆ ಆ ತಳವೂ ನಾವು ನಿಂತ ಖಂಡವೂ ಸೇರಿದ ಕಲ್ಲಿನ ಹಲಗೆಯಿದೆ. ಅದರ ಕೆಳಗೆ ಬಹಳ ಬಿಸಿಯಾಗಿ ಮಿದುವಾದ ಶಿಲೆಯಿದೆ. ಅದರ ಮೇಲೆ ಹಲಗೆಯು ಸಾಗುತ್ತಿದೆ. ತೇಲುತ್ತದೆಯೆಂದರೆ ತಪ್ಪಾಗಲಾರದು." ಈ ಸಿದ್ಧಾಂತವನ್ನು ೧೯೧೨ರಲ್ಲಿ ಮಂಡಿಸಿದ ವೇಗೆನರ್ ಎಂಬ ಜರ್ಮನ್ ವಿದ್ವಾಂಸನನ್ನು ಆ ಕಾಲದ ಬಹುಮಂದಿ ಪಂಡಿತರು ಒಪ್ಪಲಿಲ್ಲವೆಂದೂ, ಖಂಡಗಳು ಚಲಿಸುವದೆಂತೆಂದು ಹಳಿದರೆಂದೂ, ಅವನು ೧೯೩೦ರಲ್ಲಿ ಗ್ರೀನ್‌ಲೆಂಡದ ಹಿಮದಲ್ಲಿ ತೀರಿಹೋದನೆಂದೂ, ಸಮುದ್ರತಳವನ್ನು ಶೋಧಿಸಿದ ಮೇಲೆ ೧೯೬೦ರ ದಶಕದಲ್ಲಿ ಜಗತ್ತು ಅವನ ಮಾತಿಗೆ ತಲೆಬಾಗಿತೆಂದೂ ಅವರು ತಿಳಿಸಿದರು.

ನಾವು ಒಂದು ಮೊಟಕು ಕಂಬದ ಮೇಲೆ ಕುಳಿತುಬಿಟ್ಟೆವು. ೧೯೯೨ರಲ್ಲಿ ನಾವು ಆ ಪಾಠವನ್ನು ಹೇಳುವಾಗ ಈ ಮಾತು ಜಗತ್ತಿಗೆಲ್ಲ ತಿಳಿದು ಕಾಲು ಶತಮಾನವಾಗಿತ್ತು. ನಮಗೆ ತಿಳಿದಿರಲಿಲ್ಲ. ತಿಳಿಯದಿದ್ದುದು ಅಪರಾಧವಲ್ಲ, ಸಂಸ್ಕೃತದ ಶಿಕ್ಷಕನಿಗೆ ಭೂಗೋಳವು ಪೂರ್ತಿ ಬಾರದು. ಆದರೆ ನಾವು ನಕ್ಕಿದ್ದೆವು. ಅದೇ ವರ್ಷ, ಅದೇ ಹುಡುಗರಿಗೆ, ಸಂಸ್ಕೃತದ ತಾಸಿನಲ್ಲಿ ಮೈನಾಕದ ಕಥೆಯನ್ನು ಹೇಳಿದ್ದೆವು. ಪೂರ್ವದಲ್ಲಿ ಪರ್ವತಗಳಿಗೆ ರೆಕ್ಕೆಗಳಿದ್ದವು, ಅವು ಎಲ್ಲೆಂದರಲ್ಲಿ ಹಾರಾಡುತ್ತಿದ್ದವು, ಇಂದ್ರನು ರೆಕ್ಕೆಗಳನ್ನು ಕತ್ತರಿಸಿದನು, ಮೈನಾಕನು ಸಮುದ್ರದಲ್ಲಿ ಅಡಗಿದನು, ಲಂಕೆಗೆ ಹಾರುವ ಹನುಮಂತನ ವಿಶ್ರಾಂತಿಗಾಗಿ ಮೇಲೆದ್ದು ಬಂದನು ಎಂದು ರಸವತ್ತಾಗಿ ವರ್ಣಿಸಿದ್ದೆವು. ಪರ್ವತಗಳು ಹಾರುವದನ್ನು ನಾವು ಹೇಳಬಹುದು. ನೆಲವು ತೇಲುವದನ್ನು ಹುಡುಗನು ಕೇಳಬಾರದು! ಬಹುಶಃ ಅವನು ಮೈನಾಕನನ್ನೇ ನೆನೆದು ಕೇಳಿದ್ದನೋ ಏನೋ. ಕೇಳಿ ತಿಳಿಯುವ ಮನಸ್ಸೂ ಅಂದು ನಮಗಿರಲಿಲ್ಲ. ಇಲ್ಲಿ, ಹೊರಗಿನ ಒಬ್ಬ ಹೆಣ್ಣುಮಗಳು ನಡುವೆ ಬಾಯಿ ಹಾಕಿದರೂ, ನಿಜವಾದ ಗುರುವು ಅದರೊಳಗಿನ ಸತ್ಯವನ್ನು ಎತ್ತಿ ಎಲ್ಲರಿಗೂ ತೋರಿಸಿದನು.

ನಮ್ಮ ಗೃಹಿಣಿಯು ರೊಟ್ಟಿ, ಶೇಂಗಾದ ಚಟ್ನಿಗಳನ್ನು ಬಿಚ್ಚಿದಳು. ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಣದ್ರಾಕ್ಷಿಯನ್ನು ಹಂಚಿದಳು. "ಯಾವೂರಿನ ದ್ರಾಕ್ಷಿ?" ಎಂದು ಅವರು ಕೇಳಿದರು. ಯಾವೂರಿನದೆಂದು ಆಕೆ ಹೇಳಿದಳು. ಯಾರದೆಂದು ನಾವು ಹೇಳಬೇಕಾಗಿತ್ತು, ನಾಲಗೆ ಏಳಲಿಲ್ಲ.

ದೋಣಿಯವರು ಮರಳುವದಕ್ಕೆ ಕೂಗಿ ಕರೆದರು. ಇಲ್ಲಿ ರಾತ್ರಿ ತಂಗುವಂತಿಲ್ಲ. ಗೃಹಸ್ಥರಾದ ವಾಚಕರು ಇಲ್ಲಿಗೆ ಬರುವ ಮನಸ್ಸು ಮಾಡಿದರೆ ಕೆಲವು ಸೂಚನೆಗಳನ್ನು ನೆನಪಿನಲ್ಲಿಡಬೇಕು. ಮಳೆಗಾಲದಲ್ಲಿ ಸಮುದ್ರವು ಉಗ್ರವಾಗಿರುವದರಿಂದ ದೋಣಿಗಳು ನಡೆಯವು. ಮಾರ್ಗಶಿರದಿಂದ ಮಾಘದ ವರೆಗಿನ ಕಾಲವು ಉತ್ತಮ. ಕುಡಿಯುವ ನೀರನ್ನೂ ತಲೆಗೆ ಬಟ್ಟೆಯನ್ನೂ ಒಯ್ಯಬೇಕು. ತೋಯ್ದ ಕಲ್ಲುಗಳ ಮೇಲೆ ಮಕ್ಕಳನ್ನು ಹತ್ತಗೊಡಬಾರದು. ಕಲ್ಲನ್ನು ಒಡೆಯುವದಾಗಲಿ ಕಸವನ್ನು ಚೆಲ್ಲುವದಾಗಲಿ ಮಹಾಪಾಪವೆಂದೇ ತಿಳಿಯಬೇಕು. ಎಂಟು ಕೋಟಿ ವರ್ಷ ಅಲೆಗಳಿಗೆ ಅಳಿಯದ್ದು ನಮ್ಮ ಕೈಯಿಂದ ಅಳಿಯಬಾರದು.

ಸಾರಥಿಯು ಮಲ್ಪೆಯಲ್ಲಿ ಕಾದಿದ್ದನು. ಹೊತ್ತಿನ್ನೂ ಇದ್ದುದರಿಂದ ಅವನು ನಮ್ಮನ್ನು ದಕ್ಷಿಣದಲ್ಲಿರುವ ಕಾಪುವಿಗೆ ಕರೆದೊಯ್ದನು. ಅಲ್ಲಿ ದಂಡೆಯ ಬಂಡೆಯ ಮೇಲೆ ೧೯೦೧ನೆಯ ಇಸ್ವಿಯಲ್ಲಿ ಕಟ್ಟಿದ ದೀಪಸ್ತಂಭವಿದೆ. ಎತ್ತರವು ೨೭ ಮೀಟರು. ಅದರ ಬುಡದ ಬಂಡೆಯ ಮೇಲೆ ಕುಳಿತು ಸೂರ್ಯನು ಮುಳುಗುವದನ್ನು ನೋಡಿದೆವು. ಆ ದಿಕ್ಕಿನಲ್ಲಿ, ನೀರಿನ ಆಚೆಗೆ ಬಹುದೂರದಲ್ಲಿ, ನಮ್ಮಿಂದ ಅಗಲಿದ ನೆಲವಿದೆಯೆಂದು ನಾವು ಹೇಳಿದೆವು. ನಮ್ಮ ಗೃಹಿಣಿಯು ಅದಕ್ಕೆ ಉತ್ತರ ಕೊಡದೆ, "ಊರಿಗೆ ಹೋದ ಕೂಡಲೆ ಆ ಹುಡುಗನ ತೋಟಕ್ಕ ಹೋಗಿ ಬರ್ರಿ" ಎಂದಳು. ಆ ವರ್ಗದ ಸಂಗತಿಯನ್ನು ನಾವು ಆಕೆಗೆ ಎಂದೂ ಹೇಳಿರಲಿಲ್ಲ. ಊರಲ್ಲಿ ಎಲ್ಲರೂ ಬಲ್ಲ ಅಡ್ಡಹೆಸರಿನ ಮೂಲವನ್ನು ಆಕೆ ಬಲ್ಲಳೆಂದು ನಾವೇ ತಿಳಿದಿರಲಿಲ್ಲ.

ಊರಿಗೆ ಬಂದ ಮರುದಿನವೇ ಹೋದೆವು. ಅವನು ಪಡಗದಲ್ಲಿ ಬಳ್ಳಿಗಳನ್ನು ಕಟ್ಟುತ್ತಿದ್ದನು. ಕಟ್ಟೆಯ ಮೇಲೆ ಕುಳಿತು, ಕಂಡುದನ್ನೂ ಕೇಳಿದುದನ್ನೂ ಮೊದಲಿನಿಂದ ಕೊನೆಯ ವರೆಗೆ ಹೇಳಿದೆವು. ಕೊನೆಗೆ, "ನೀನು ಕೇಳಿದ್ದು ಸರಿಯಾದ ಪ್ರಶ್ನೆ. ನಾವು ನಕ್ಕಿದ್ದು ತಪ್ಪಾಯಿತು" ಎಂದೆವು. ಅವನು ಕೈಯೊಳಗಿನ ಸುತಳಿಯನ್ನು ಸುತ್ತುತ್ತ ತುಸು ಹೊತ್ತು ಸುಮ್ಮನಿದ್ದನು. ಆಮೇಲೆ, "ಹಂಗಾರ ತೇಲತೈತಿ ಅನ್ರಿ" ಎಂದನು. ಮತ್ತೆ ಸ್ವಲ್ಪ ತಡೆದು, "ಇದನ್ನ ನನ್ನ ಮಗಳಿಗಿ ಒಂದೀಟ ಹೇಳ್ರಿ ಗುರುಗಳ. ಅಕಿನೂ ಭಾಳ ಕೇಳತಾಳ. ಸಾಲ್ಯಾಗ ಸುಮ್ಮ ಕುಂದ್ರಂತಾರಂತ" ಎಂದನು.

ಹುಡುಗಿಗೆ ಹನ್ನೊಂದು ವರ್ಷ. ಆಕೆ ನಮ್ಮ ಮುಂದೆ ಕುಳಿತು ಎಲ್ಲವನ್ನೂ ಕೇಳಿದಳು. "ಈಗೂ ಹೊಂಟೈತೇನ್ರಿ?" ಎಂದಳು. ಹೊರಟಿದೆ, ವರ್ಷಕ್ಕೆ ಸುಮಾರು ಐದು ಸೆಂಟಿಮೀಟರು, ಎಂದೆವು. ಆಕೆ ತನ್ನ ಬೆರಳುಗಳಿಂದ ಅಷ್ಟನ್ನು ಅಳೆದು ನೋಡಿದಳು. ಆಮೇಲೆ, "ಮಡಗಾಸ್ಕರದ ಹುಡುಗೂರು, ನಾವು ಅವರನ್ನ ಬಿಟ್ಟ ಬಂದೀವಿ ಅಂತ ಸಾಲ್ಯಾಗ ಓದತಾರೇನ್ರಿ?" ಎಂದು ಕೇಳಿದಳು.

ಇಂಥ ಪ್ರಶ್ನೆಯನ್ನು ಮೂವತ್ತು ವರ್ಷಗಳಲ್ಲಿ ನಮಗೆ ಯಾರೂ ಕೇಳಿರಲಿಲ್ಲ. ಅಥವಾ ಕೇಳುವ ಧೈರ್ಯವನ್ನು ನಾವು ಯಾರಿಗೂ ಉಳಿಸಿರಲಿಲ್ಲ. ವರ್ಗದಲ್ಲಿ ಒಮ್ಮೆಯೂ ಆಡದಿದ್ದ ಮಾತನ್ನು ಅಂದು ಆ ಕಟ್ಟೆಯ ಮೇಲೆ ಆಡಿದೆವು: "ನಮಗೆ ಗೊತ್ತಿಲ್ಲ ತಂಗೀ. ಕೇಳಿ ತಿಳಿದುಕೊಂಡು ಹೇಳುತ್ತೇವೆ." ಆಕೆ ನಗಲಿಲ್ಲ. "ಆಗಲ್ರಿ" ಎಂದು ತಲೆಯಾಡಿಸಿದಳು. ಅಧ್ಯಾಪಕರ ವಿಳಾಸವನ್ನು ನಾವು ಬರೆದುಕೊಂಡು ಬಂದಿದ್ದೇವೆ, ಪತ್ರವನ್ನು ಬರೆಯುವದಿದೆ.